ಕಡಲ ಮೇಲೆಳೆದ ಗೆರೆ

ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ನಾನು ಭೂಪಟದ ಮೇಲೆ ಕೈವಾರವೂರಿ ಎಳೆದ ವೃತ್ತಗಳಿಗೆ ಲೆಕ್ಕವಿಲ್ಲ. ಕಾಗದದ ಮೇಲೆ ಗೆರೆ ಬಲು ಸುಲಭವಾಗಿ ಮೂಡುತ್ತದೆ. ಕಡಲಿನ ಮೇಲೆ ಹಾಗೆಯೇ ಎಳೆದ ಒಂದು ಗೆರೆಯ ಸಂಗತಿಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಶಾಂತಸಾಗರದ ಮಾರ್ಷಲ್ ದ್ವೀಪಸಮೂಹದಲ್ಲಿ ಬಿಕಿನಿ ಎಂಬ ಹವಳದ್ವೀಪವಿದೆ. 1954ರ ಮಾರ್ಚ್ 1ರ ಮುಂಜಾನೆ ಅಮೆರಿಕವು ಅಲ್ಲಿ ಜಲಜನಕ ಬಾಂಬೊಂದನ್ನು ಸಿಡಿಸಿತು. ಸುತ್ತಣ ಕಡಲನ್ನು ಮೊದಲೇ ಅಪಾಯವಲಯವೆಂದು ಸಾರಿ, ಹಡಗುಗಳು ಒಳಬರಬಾರದೆಂದು ಎಚ್ಚರಿಸಲಾಗಿತ್ತು. ಇಂಥ ಗೆರೆ ಮುಖ್ಯವಾಗಿ ಎರಡು ಊಹೆಗಳನ್ನು ನಂಬಿ ನಿಲ್ಲುತ್ತದೆ: ಬಾಂಬಿನ ಬಲವೆಷ್ಟು, ಗಾಳಿ ಬೀಸುವುದೆತ್ತ? ಅಂದು ಎರಡೂ ಕೈಕೊಟ್ಟವು. 60 ಲಕ್ಷ ಟನ್ ಟಿ.ಎನ್.ಟಿ.ಗೆ ಸಮನಾದೀತೆಂದು ಎಣಿಸಿದ್ದ ಸ್ಫೋಟ 150 ಲಕ್ಷ ಟನ್ನಿಗೆ ಏರಿತು. ಇಂಧನದಲ್ಲಿದ್ದ ಲಿಥಿಯಂನ ಒಂದು ಬಗೆ ಸುಮ್ಮನಿರುವುದೆಂದು ತಜ್ಞರು ನಂಬಿದ್ದರು; ಅದು ಸುಮ್ಮನಿರಲಿಲ್ಲ. ಮೇಲುಗಾಳಿ ಪ್ರತಿಕೂಲವಾಗುತ್ತಿರುವ ಸೂಚನೆ ಹಿಂದಿನ ರಾತ್ರಿಯೇ ಸಿಕ್ಕಿತ್ತು. ಆದರೂ ಪರೀಕ್ಷೆ ನಿಲ್ಲಲಿಲ್ಲ.

ಬಿಕಿನಿಗೆ ಸುಮಾರು 80 ಮೈಲಿ ಪೂರ್ವದಲ್ಲಿ, ಗೆರೆಯ ಹೊರಗೆ, ಜಪಾನಿನ ಯೈಜು ಬಂದರಿನ ದೋಣಿಯೊಂದು ಮೀನು ಹಿಡಿಯುತ್ತಿತ್ತು. ಅದರ ಹೆಸರಿನ ಅರ್ಥ ‘ಅದೃಷ್ಟದ ಡ್ರ್ಯಾಗನ್’. ಅದರಲ್ಲಿದ್ದ 23 ಮಂದಿಗೆ ಪಡುವಣದಲ್ಲಿ ಸೂರ್ಯ ಹುಟ್ಟಿದಂಥ ಬೆಳಕು ಕಂಡಿತು. ಕೆಲವು ಗಂಟೆಗಳ ಮೇಲೆ ಬಿಳಿಯ ಬೂದಿ ಉದುರತೊಡಗಿತು. ಅದು ಪುಡಿಯಾದ ಹವಳ, ವಿಕಿರಣ ತುಂಬಿದ ಹವಳ. ಅದನ್ನು ಮೈಮೇಲೆ ಹೊತ್ತುಕೊಂಡೇ ಬೆಸ್ತರು ಗಾಳದ ಹಗ್ಗಗಳನ್ನು ಎಳೆದುಕೊಂಡರು. ಎರಡು ವಾರಗಳಲ್ಲಿ ಊರು ಸೇರಿದರು, ಸುಟ್ಟ ಮೈಯೊಂದಿಗೆ. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಅದೇ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಬಿಕಿನಿಯ ಪೂರ್ವಕ್ಕೇ ರೊಂಗೆಲಾಪ್ ದ್ವೀಪವೂ ಇತ್ತು. 1946ರ ಪರೀಕ್ಷೆಗೆ ಮುನ್ನ ಅಲ್ಲಿಯ ಜನರನ್ನು ಬೇರೆಡೆಗೆ ಸಾಗಿಸಿದ್ದರು, 1954ರಲ್ಲಿ ಸಾಗಿಸಲಿಲ್ಲ. ಮಕ್ಕಳು ಬೂದಿಯಲ್ಲಿ ಆಡಿದರು. ಜನರನ್ನು ಕರೆದೊಯ್ಯಲು ಹಡಗು ಬಂದದ್ದು ಎರಡು ದಿನ ಕಳೆದ ಮೇಲೆ.

ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ದೋಣಿಯು ಅಪಾಯವಲಯದೊಳಗೇ ಇದ್ದಿರಬೇಕೆಂದರು. ಗೆರೆ ಎಳೆದವರು ಸರಿ, ದಾಟಿದವರದೇ ತಪ್ಪು ಎಂಬಂತಿತ್ತು ಆ ಮಾತು. ಆದರೆ ಆ ಸರಣಿಯ ಮುಂದಿನ ಪರೀಕ್ಷೆಗಳಿಗೆ ವಲಯವನ್ನು ಸುಮಾರು 5,70,000 ಚದರ ಮೈಲಿಗೆ ಹಿಗ್ಗಿಸಲಾಯಿತು. ಬಾಯಿ ಒಪ್ಪದ ತಪ್ಪನ್ನು ಭೂಪಟ ಒಪ್ಪಿಕೊಂಡಿತು.

ಅದೇ ಏಪ್ರಿಲ್ 2ರಂದು ನಮ್ಮ ಪ್ರಧಾನಿ ನೆಹರೂ ಅವರು ಲೋಕಸಭೆಯಲ್ಲಿ, ಇಂಥ ಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವೊಂದು ಆಗಬೇಕೆಂದು ಕೇಳಿದರು. ಗೆರೆಯನ್ನು ಎಷ್ಟು ದೂರ ಎಳೆಯಬೇಕೆಂಬ ಪ್ರಶ್ನೆಗೆ ನನಗೆ ತೋರುವ ಉತ್ತರವೂ ಅದೇ. ವಾತಾವರಣದಲ್ಲಿಯೂ ನೀರಿನಡಿಯಲ್ಲಿಯೂ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದ 1963ರಲ್ಲಿ ಬಂದಿತಾದರೂ ಎಲ್ಲ ರಾಷ್ಟ್ರಗಳೂ ಅದಕ್ಕೆ ಸಹಿ ಹಾಕಲಿಲ್ಲ.

ಆ ಕಡಲು ಯಾವ ದೇಶದ ಸೊತ್ತೂ ಆಗಿರಲಿಲ್ಲ. ಬಾಂಬು ಸಿಡಿಸಿದವರೇ ಗೆರೆಯನ್ನೂ ಎಳೆದರು. ಬೆಸ್ತರು ಆ ಗೆರೆಯ ಆಚೆಗೇ ನಿಂತಿದ್ದರು, ಗಾಳಿ ನಿಲ್ಲಲಿಲ್ಲ. ಇಂದಿಗೂ ನೀಲಿ ಭೂಪಟದ ಮೇಲೆ ಕೈವಾರವೂರುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.