ಎರಡು ಬಾಗಿಲಿನ ಕಾರು: ಕೊಳ್ಳುವ ಮುನ್ನ ಬಗ್ಗಿ ನೋಡಿ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳು ಇದೇ ಜಾಗದಲ್ಲಿ ಡಾಕ್ಟರು ಮಂಡಿನೋವಿನ ಬಗ್ಗೆ ಮಾತಾಡಿದರು. ಈ ತಿಂಗಳು ನಾನು ಹಳೆಯ ಕಾರಿನ ಬಗ್ಗೆ ಮಾತಾಡಬೇಕಂತೆ. ಎರಡಕ್ಕೂ ಸಂಬಂಧ ಇದೆ, ಕೊನೆಯಲ್ಲಿ ಹೇಳುತ್ತೇನೆ.

ನಾನು ನಿವೃತ್ತಿಯಾಗುವವರೆಗೆ ವಾಹನ ವಿಮೆಯ ಕ್ಲೇಮು ವಿಭಾಗದಲ್ಲಿ ಇದ್ದವಳು. ಗುದ್ದಿದ ಕಾರು, ಮುಳುಗಿದ ಕಾರು, ಸುಟ್ಟ ಕಾರು, ಎಲ್ಲದರ ಫೋಟೋ ನೋಡಿ, ಕಾಗದ ಓದಿ, ಲೆಕ್ಕ ಹಾಕುವುದೇ ನನ್ನ ಕೆಲಸ. ಹೊಸ ಕಾರಿನ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಹಳೆಯ ಕಾರು ಏನೇನು ಮುಚ್ಚಿಡುತ್ತದೆ ಅನ್ನುವುದು ಸ್ವಲ್ಪ ಗೊತ್ತು.

ಹೋದ ವರ್ಷ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಕೆಲಸಕ್ಕೆ ಸೇರಿ ಆರು ವರ್ಷ. ಚೀಟಿ ಕಟ್ಟಿ, ಆರ್‌ಡಿ ಇಟ್ಟು, ಸುಮಾರು ಹನ್ನೊಂದು ಲಕ್ಷ ಕೂಡಿಸಿದ್ದಾಳೆ. "ದೊಡ್ಡಮ್ಮ, ಒಂದು ಕಾರು ನೋಡಿದೀನಿ. ಕೆಂಪು ಬಣ್ಣ, ಎರಡೇ ಬಾಗಿಲು, ಸ್ಪೋರ್ಟ್ಸ್ ಕೂಪೆ. ಹೊಸದಾಗಿದ್ದಾಗ ಐವತ್ತು ಲಕ್ಷದ ಹತ್ತಿರ ಇತ್ತಂತೆ. ಈಗ ಎಂಟೂವರೆಗೆ ಕೊಡ್ತಾರೆ. ನೀವೂ ಬನ್ನಿ" ಅಂದಳು. ಅಪ್ಪ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ.

ಗೆಳತಿಯರೇ, ಕೂಪೆ ಅಂದರೆ ಏನು ಅಂತ ಕೆಲವರಿಗೆ ಅನ್ನಿಸಬಹುದು. ಎರಡು ಉದ್ದನೆಯ ಬಾಗಿಲು, ಹಿಂದಕ್ಕೆ ಇಳಿಜಾರಾದ ಸೂರು, ನೆಲಕ್ಕೆ ಹತ್ತಿರ ಕೂತ ಮೈ. ಹಿಂದಿನ ಸೀಟು ಇದ್ದರೂ ಮಕ್ಕಳಿಗೆ ಅಥವಾ ಬ್ಯಾಗಿಗೆ ಮಾತ್ರ. ನಮ್ಮ ದೇಶದಲ್ಲಿ ಇಂಥವು ಕಡಿಮೆ ಮಾರಾಟವಾಗಿವೆ, ಮಾರಾಟವಾದದ್ದರಲ್ಲಿ ಹೆಚ್ಚಿನವು ವಿದೇಶದಲ್ಲಿ ತಯಾರಾಗಿ ಬಂದವು. ಆದ್ದರಿಂದಲೇ ಅವುಗಳ ಬೆಲೆ ಬೇಗ ಬೀಳುತ್ತದೆ. ಬಿಡಿಭಾಗದ ಬೆಲೆ ಮಾತ್ರ ಬೀಳುವುದಿಲ್ಲ. ಐವತ್ತು ಲಕ್ಷದ ಕಾರು ಎಂಟೂವರೆ ಲಕ್ಷಕ್ಕೆ ಬಂದರೂ ಅದರ ಗೇರ್‌ಬಾಕ್ಸ್ ಇನ್ನೂ ಐವತ್ತು ಲಕ್ಷದ ಕಾರಿನ ಗೇರ್‌ಬಾಕ್ಸೇ. ಇವತ್ತಿನ ನನ್ನ ಭಾಷಣದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳಿ. ಆನೆಯನ್ನು ಕೊಳ್ಳುವುದು ದೊಡ್ಡದಲ್ಲ, ಸಾಕುವುದು ದೊಡ್ಡದು.

ಒಂದು ಶನಿವಾರ ಬೆಳಿಗ್ಗೆ ನಾವಿಬ್ಬರೂ ನವಿ ಮುಂಬೈಯ ಒಂದು ಹಳೆಯ ಕಾರು ಮಾರುವ ಜಾಗಕ್ಕೆ ಹೋದೆವು. ಅಲ್ಲಿದ್ದವರು ನಮ್ಮಿಬ್ಬರನ್ನೂ ನೋಡಿ ಮೊದಲು ಕೇಳಿದ್ದು, "ಸರ್ ಬರ್ತಾರಾ?" ಅಂತ. ದುಡ್ಡು ಕೊಡುವವಳು ಎದುರಿಗೇ ನಿಂತಿದ್ದಳು. "ಸರ್ ಇಲ್ಲ, ಮೇಡಮ್ ಬಂದಿದ್ದಾರೆ" ಅಂತ ಅವಳೇ ಹೇಳಿದಳು.

ಆಮೇಲೆ ಅವರು ಹೇಳಿದ್ದು ನಾನು ಮೂವತ್ತು ವರ್ಷದಿಂದ ಕೇಳುತ್ತಿರುವ ಮಾತು: "ಒಬ್ಬರೇ ಲೇಡಿ ಓನರ್. ಆಫೀಸಿಗೆ ಮಾತ್ರ ಓಡಿಸ್ತಿದ್ರು." ಈ ಒಬ್ಬ ಲೇಡಿ ಇಷ್ಟೊಂದು ಕಾರು ಹೇಗೆ ಓಡಿಸಿದಳೋ ನನಗೆ ಗೊತ್ತಿಲ್ಲ. ಆರ್‌ಸಿ ತೆಗೆಸಿ ನೋಡಿದೆ. ಅದರಲ್ಲಿ ಮಾಲೀಕರ ಕ್ರಮಸಂಖ್ಯೆ ಅಂತ ಒಂದು ಕಡೆ ಬರೆದಿರುತ್ತದೆ. ಮೂರು ಅಂತ ಇತ್ತು.

ಇಲ್ಲಿಂದ ನಾವು ಏನೇನು ನೋಡಿದೆವು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಕಾರು ಕೂಪೆ ಆಗಿರಬೇಕಿಲ್ಲ, ಮಾರುತಿ ಆಗಿದ್ದರೂ ಇದು ನಡೆಯುತ್ತದೆ.

ಮೊದಲು ಮೈ. ಹಗಲು ಬೆಳಕಿನಲ್ಲಿ, ಒಣಗಿದ ಕಾರನ್ನೇ ನೋಡಬೇಕು. ಆಗಷ್ಟೇ ತೊಳೆದ ಕಾರಿನಲ್ಲಿ ಗೀರು, ತೇಪೆ ಕಾಣುವುದಿಲ್ಲ. ಬಾನೆಟ್ಟು, ಬಾಗಿಲು, ಡಿಕ್ಕಿ, ಇವುಗಳ ಸುತ್ತಲಿನ ಸಂದು ಎರಡೂ ಬದಿ ಒಂದೇ ಅಳತೆಯಲ್ಲಿರಬೇಕು. ಕೂಪೆಯ ಬಾಗಿಲು ಉದ್ದ, ಭಾರ. ವರ್ಷ ಕಳೆದಂತೆ ಕೀಲು ಜೋತುಬೀಳುತ್ತದೆ. ಬಾಗಿಲು ಅರ್ಧ ತೆಗೆದು ಮೆಲ್ಲಗೆ ಎತ್ತಿ ನೋಡಿ, ಅಲುಗಾಡಿದರೆ ಕೀಲು ಸವೆದಿದೆ. ಬಣ್ಣದ ದಪ್ಪ ಅಳೆಯುವ ಸಣ್ಣ ಉಪಕರಣ ಸಿಗುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಒಂದು ಕಡೆ ಅದರ ಮೂರ್ನಾಲ್ಕು ಪಟ್ಟು ಬಂದರೆ ಅಡಿಯಲ್ಲಿ ಪುಟ್ಟಿ ಇದೆ ಎಂದರ್ಥ. ನಮ್ಮ ಕೆಂಪು ಕಾರಿನ ಎಡಗಡೆ ಮುಂಭಾಗದಲ್ಲಿ ಹಾಗೇ ಬಂತು.

ಎರಡನೆಯದು ನೀರು. ಮುಂಬೈಯವರಿಗೆ 2005ರ ಜುಲೈ 26 ಮರೆಯುವುದಿಲ್ಲ. ಆ ದಿನ ಸಾಂತಾಕ್ರೂಸಿನಲ್ಲಿ 944 ಮಿಲಿಮೀಟರ್ ಮಳೆ. ಚೆನ್ನೈಯ ಗೆಳತಿಯರಿಗೆ 2015ರ ಡಿಸೆಂಬರ್ ನೆನಪಿರುತ್ತದೆ. ಅಂಥ ಮಳೆಯಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಬೇರೆ ಊರಿಗೆ ಹೋಗುತ್ತವೆ. ಕೂಪೆ ನೆಲಕ್ಕೆ ಹತ್ತಿರ ಇರುವುದರಿಂದ ಮೊಣಕಾಲು ನೀರೇ ಅದಕ್ಕೆ ಸಾಕು. ಹಾಗಾಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇರಬಾರದು. ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದೆಯೇ ನೋಡಿ. ಸ್ಟೆಪ್ನಿ ಇಡುವ ಗುಂಡಿಗೆ ಕೈ ಹಾಕಿ, ಮಣ್ಣು ಸಿಗಬಾರದು. ಕಾರಿನೊಳಗೆ ತುಂಬಾ ಸೆಂಟು ಹೊಡೆದಿದ್ದರೆ ಅನುಮಾನ ಪಡಿ. ಮುಗ್ಗಲು ವಾಸನೆ ನಮಗೆ ಗೊತ್ತಾಗದೇ ಇರುತ್ತದೆಯೇ? ಮಳೆಗಾಲದಲ್ಲಿ ಬೀರು ತೆಗೆದವರು ನಾವು.

ಮೂರನೆಯದು ಟೈರು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳ ಇರಲಿ, ಅಷ್ಟು ಹಳೆಯ ರಬ್ಬರು ಗಡುಸಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಸ್ಪೋರ್ಟ್ಸ್ ಕಾರಿನ ಟೈರು ತೆಳು, ಚಕ್ರ ದೊಡ್ಡದು. ನಮ್ಮ ರಸ್ತೆಯ ಹೊಂಡಕ್ಕೆ ಬಿದ್ದರೆ ಟೈರಿನ ಬದಿ ಹಪ್ಪಳದ ಹಾಗೆ ಉಬ್ಬುತ್ತದೆ. ಉಬ್ಬಿದ ಟೈರು ಯಾವಾಗ ಒಡೆಯುತ್ತದೋ ಹೇಳಲಾಗದು. ಒಂದು ಕಡೆ ಮಾತ್ರ ಸವೆದಿದ್ದರೆ ಚಕ್ರದ ಜೋಡಣೆ ಸರಿಯಿಲ್ಲ, ಅಥವಾ ಹಳೆಯ ಪೆಟ್ಟಿನಿಂದ ಕೆಳಗಿನ ಭಾಗ ಬಾಗಿದೆ.

ನಾಲ್ಕನೆಯದು ಎಂಜಿನ್. ಬರುವ ಮುಂಚೆಯೇ ಹೇಳಿಬಿಡಿ, "ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ." ಬಿಸಿಯಾದ ಎಂಜಿನ್ ಅರ್ಧ ರೋಗ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಶುರು ಮಾಡಿ ಹಿಂದೆ ಹೋಗಿ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆ ಬಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ "ತೊಂದರೆ ಇಲ್ಲ" ಅಂತಲ್ಲ. ಯಾರೋ ಆ ದೀಪವನ್ನೇ ಕಿತ್ತಿರಬಹುದು. ನಾನು ಕ್ಲೇಮಿನಲ್ಲಿ ಇದನ್ನು ಕಂಡಿದ್ದೇನೆ.

ಐದನೆಯದು ಓಡಿಸುವುದು. ನೀವೇ ಓಡಿಸಿ. ಕನಿಷ್ಠ ಅರ್ಧ ಗಂಟೆ, ಎಸಿ ಹಾಕಿ, ಟ್ರಾಫಿಕ್ಕಿನಲ್ಲಿ. ಸ್ಪೀಡ್‌ಬ್ರೇಕರ್ ಮೇಲೆ ಹತ್ತಿಸಿ, ಹೊಟ್ಟೆ ಉಜ್ಜುತ್ತದೆಯೇ ಕೇಳಿ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತಿ. ಟಕ್ ಟಕ್ ಅಂದರೆ ಚಕ್ರಕ್ಕೆ ಶಕ್ತಿ ಕೊಡುವ ಆಕ್ಸಲಿನ ಕೀಲು ಸವೆದಿದೆ. ಆಟೊಮ್ಯಾಟಿಕ್ ಗೇರು ಇದ್ದರೆ ಆಮೆಯ ವೇಗದಲ್ಲಿ ಹೋಗುವಾಗ ಗಮನಿಸಿ. ಹೆದ್ದಾರಿಯಲ್ಲಿ ಎಲ್ಲವೂ ಚೆನ್ನಾಗೇ ಓಡುತ್ತವೆ. ನಮ್ಮ ಕೆಂಪು ಕಾರು ವಾಶಿಯ ಸಿಗ್ನಲ್ಲಿನಲ್ಲಿ ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗಲೆಲ್ಲ ಹಿಂದಿನಿಂದ ಯಾರೋ ತಳ್ಳಿದಂತೆ ಜಗ್ಗುತ್ತಿತ್ತು. ಹುಡುಗಿಯ ಮುಖ ಅಲ್ಲೇ ಸಣ್ಣದಾಯಿತು. ಆದರೂ, "ಸ್ಪೋರ್ಟ್ಸ್ ಕಾರು ಅಲ್ವಾ ದೊಡ್ಡಮ್ಮ, ಹಾಗೇ ಇರುತ್ತೇನೋ" ಅಂದಳು. ಮನಸ್ಸಿಗೆ ಬಂದ ಕಾರಿನ ತಪ್ಪಿಗೆ ನಾವೇ ವಕೀಲರಾಗಿಬಿಡುತ್ತೇವೆ.

ಅಷ್ಟರಲ್ಲಿ ಮಾರುವವರು, "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ, ಐವತ್ತು ಸಾವಿರ ಟೋಕನ್ ಹಾಕಿಬಿಡಿ" ಅಂದರು. ಅವಳು ಫೋನ್ ತೆಗೆದಳು. ನಾನು ಅವಳ ಕೈ ಹಿಡಿದೆ. "ಮೊದಲು ಕಾಗದ ಓದೋಣ, ನಮ್ಮ ಮೆಕ್ಯಾನಿಕ್ ನೋಡಲಿ. ಸಂಜೆಯೊಳಗೆ ಹೋದರೆ ಅದು ನಮ್ಮ ಕಾರಲ್ಲ" ಅಂದೆ.

ಕಾಗದದ ಭಾಗ ನನ್ನ ಮನೆಯ ಅಂಗಳ, ಅದಕ್ಕೇ ಸ್ವಲ್ಪ ಹೆಚ್ಚು ಹೇಳುತ್ತೇನೆ. ಚಾಸಿ ಸಂಖ್ಯೆ 17 ಅಕ್ಷರ-ಅಂಕಿಗಳದ್ದು. ಕಾರಿನ ಮೇಲೆ ಕೊರೆದದ್ದೂ ಆರ್‌ಸಿಯಲ್ಲಿ ಇರುವುದೂ ಒಂದೇ ಆಗಿರಬೇಕು. ಬ್ಯಾಂಕಿನ ಸಾಲ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ ಕಾರಾದರೆ ಆ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ. ಬಾಕಿ ಚಲನ್ ಇದೆಯೇ ಆನ್‌ಲೈನಿನಲ್ಲಿ ನೋಡಿ. ಎರಡೂ ಕೀಲಿ ಕೇಳಿ. ವಿಮೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ಓದಿ. ಸೊನ್ನೆ ಅಂತಿದ್ದರೆ ಇತ್ತೀಚೆಗೆ ಕ್ಲೇಮು ಆಗಿದೆ ಅಥವಾ ಕಾರು ಕೈ ಬದಲಾಗಿದೆ. ಯಾವುದು ಅಂತ ಕೇಳಿ. ಆ ಬೋನಸ್ ಮಾರುವವರದ್ದು, ಕಾರಿನ ಜೊತೆ ನಿಮಗೆ ಬರುವುದಿಲ್ಲ. ಕೊಂಡ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ನಿಮ್ಮಲ್ಲಿ ಕಾರು ಮಾರುವವರೂ ಇರಬಹುದು. ದುಡ್ಡು ಬಂತು, ಕೀಲಿ ಕೊಟ್ಟೆವು, ಮುಗಿಯಿತು ಅಂತ ಸುಮ್ಮನಾಗಬೇಡಿ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ನಮ್ಮ ಕೆಂಪು ಕಾರು ದೆಹಲಿಯದ್ದು. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧದಿಂದಾಗಿ ಅಲ್ಲಿನ ಹಳೆಯ ಕಾರು ಅಗ್ಗಕ್ಕೆ ಹೊರಬೀಳುತ್ತದೆ. ಈ ನಿಯಮ ನ್ಯಾಯಾಲಯದಲ್ಲಿ ಬದಲಾಗುತ್ತಲೇ ಇದೆ, ಕೊಳ್ಳುವ ಹೊತ್ತಿಗೆ ಏನಿದೆ ವಿಚಾರಿಸಿ. ಇನ್ನು, ಎಲ್ಲ ಕಡೆಯೂ 15 ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ ಸಾಮಾನ್ಯ ಕಾರಿಗೆ 5,000 ರೂಪಾಯಿ ಆದರೆ, ಆಮದು ಕಾರಿಗೆ 40,000. ಕೆಂಪು ಕಾರಿಗೆ ಆಗಲೇ ಹನ್ನೊಂದು ವರ್ಷ.

ಮೀಟರಿನಲ್ಲಿ 38,000 ಕಿಲೋಮೀಟರ್ ಇತ್ತು. ಬ್ರೇಕ್ ಪೆಡಲಿನ ರಬ್ಬರು ಮಾತ್ರ ನುಣ್ಣಗಾಗಿತ್ತು. ಸರ್ವಿಸ್ ದಾಖಲೆ ತರಿಸಿ ನೋಡಿದರೆ ಮೂರು ವರ್ಷದ ಹಿಂದೆಯೇ 71,000!

ಅವತ್ತು ಮಧ್ಯಾಹ್ನ ನಮ್ಮ ಮೆಕ್ಯಾನಿಕ್ ಬಂದರು, ಲಿಫ್ಟಿನ ಮೇಲೆ ಎತ್ತಿ, ಸ್ಕ್ಯಾನರ್ ಹಾಕಿ ನೋಡಿದರು. ಅವರ ಶುಲ್ಕ ಮೂರು ಸಾವಿರ. ಅವರು ಹೇಳಿದ್ದನ್ನು ನಾನು ಅಲ್ಲೇ ಬಿಲ್ಲಿನ ಹಿಂದೆ ಬರೆದೆ. ಗೇರ್‌ಬಾಕ್ಸ್ ರಿಪೇರಿ 1,80,000. ಸಸ್ಪೆನ್ಷನ್ 90,000. ನಾಲ್ಕು ಟೈರು 60,000. ಬ್ರೇಕು 45,000. ವಿಮೆ 30,000. ಮಹಾರಾಷ್ಟ್ರದ ತೆರಿಗೆ ಮತ್ತು ಮರುನೋಂದಣಿ 1,10,000. ಒಟ್ಟು 5,15,000. ಎಂಟೂವರೆ ಲಕ್ಷದ ಕಾರು ಮೊದಲ ವರ್ಷದಲ್ಲೇ 13,65,000. ಅವಳ ಹತ್ತಿರ ಇದ್ದದ್ದು ಹನ್ನೊಂದು.

ಬಿಲ್ಲನ್ನು ಅವಳ ಕೈಗೆ ಕೊಟ್ಟೆ. ಬೇಡ ಅಂತ ನಾನು ಹೇಳಲಿಲ್ಲ. ದುಡ್ಡು ಅವಳದ್ದು, ಆಸೆ ಅವಳದ್ದು. ಸ್ವಲ್ಪ ಹೊತ್ತು ಕಾರಿನ ಪಕ್ಕ ನಿಂತಳು, ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದಳು. "ಹೋಗೋಣ ದೊಡ್ಡಮ್ಮ" ಅಂದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ನನಗೂ ಬೇಜಾರಾಯಿತು. ನಮ್ಮ ಕಾಲದಲ್ಲಿ ನಮ್ಮ ಹೆಸರಿನಲ್ಲಿ ಸ್ಕೂಟರ್ ಕೂಡ ಇರಲಿಲ್ಲ. ಹುಡುಗಿಯೊಬ್ಬಳು ತನ್ನ ದುಡ್ಡಿನಲ್ಲಿ ತನಗಿಷ್ಟವಾದ ಕಾರು ಕೊಳ್ಳುವುದು ಹುಚ್ಚಲ್ಲ. ಆ ಆಸೆಗೆ ಲೆಕ್ಕದ ಚೀಟಿಯೊಂದು ಜೊತೆಗಿರಲಿ ಅನ್ನುವುದಷ್ಟೇ ನನ್ನ ಮಾತು.

ಅವಳು ಬಿಡಲಿಲ್ಲ. ಅದೇ ಚೀಟಿ ಇಟ್ಟುಕೊಂಡು ನಾಲ್ಕು ತಿಂಗಳು ಹುಡುಕಿದಳು. ಒಂಬತ್ತು ಕಾರು ನೋಡಿದಳು, ಎಂಟನ್ನು ಬಿಟ್ಟಳು. ಒಂಬತ್ತನೆಯದು ಪುಣೆಯದ್ದು, ಎರಡೇ ಬಾಗಿಲು, ಮಹಾರಾಷ್ಟ್ರದ್ದೇ ನೋಂದಣಿ, ಮೊದಲ ದಿನದಿಂದ ಪ್ರತಿ ಸರ್ವಿಸಿನ ಬಿಲ್ಲು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಬೆಲೆ ಒಂಬತ್ತು ಲಕ್ಷ, ಅಂದರೆ ಕೆಂಪು ಕಾರಿಗಿಂತ ಐವತ್ತು ಸಾವಿರ ಹೆಚ್ಚು. ಮೊದಲ ವರ್ಷದ ಖರ್ಚು ವಿಮೆ ಸೇರಿ ಒಂದು ಲಕ್ಷದೊಳಗೇ ಮುಗಿಯಿತು. ಬಣ್ಣ ಮಾತ್ರ ಕೆಂಪಲ್ಲ, ಬೂದು. "ಬೂದು ಬಣ್ಣ ಕೊಳೆ ಕಾಣಿಸಲ್ಲ ಬಿಡಿ" ಅನ್ನುತ್ತಾಳೆ ಈಗ.

ಇವತ್ತು ನನ್ನನ್ನು ಇಲ್ಲಿಗೆ ಕರೆತಂದದ್ದು ಅದೇ ಕಾರು, ಅವಳೇ ಓಡಿಸಿದ್ದು. ಚೆನ್ನಾಗಿದೆ. ಆದರೆ ಸೀಟು ಎಷ್ಟು ಕೆಳಗಿದೆ ಎಂದರೆ, ಸೀರೆ ಹಿಡಿದು ಕೂರುವುದು ಒಂದು ಸಾಹಸ, ಏಳುವುದು ಇನ್ನೊಂದು. ಮೆಕ್ಯಾನಿಕ್ ಹೇಳದೆ ಬಿಟ್ಟ ಪರೀಕ್ಷೆ ಇದು: ಮನೆಯ ಹಿರಿಯರನ್ನು ಒಮ್ಮೆ ಕೂರಿಸಿ, ಎಬ್ಬಿಸಿ ನೋಡಿ. ಮಂಡಿನೋವಿಗೂ ಕಾರಿಗೂ ಸಂಬಂಧ ಇದೆ ಅಂದೆನಲ್ಲ, ಅದು ಇದೇ.

ನಿಮ್ಮ ಪ್ರಶ್ನೆಗಳಿದ್ದರೆ ಚಹಾದ ಹೊತ್ತಿನಲ್ಲಿ ಕೇಳಿ. ಯಾರಾದರೂ ಕಾರು ನೋಡಲು ಹೋಗುವುದಿದ್ದರೆ ನನ್ನನ್ನೂ ಕರೆಯಿರಿ, ಟಾರ್ಚು ತರುತ್ತೇನೆ.