ಮಾತು ಬಾರದ ಮಗುವಿನ ನೋವು ನಮಗೆ ತಿಳಿಯಲಿ
(ಕುದೇರಿನಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಉಳಿತಾಯ, ಸಾಲದ ಲೆಕ್ಕ ಮುಗಿಯಿತು. ಈಗ ಸ್ವಲ್ಪ ಕಷ್ಟದ ವಿಷಯ ಮಾತಾಡೋಣ: ಮಕ್ಕಳ ಮೇಲಿನ ದೌರ್ಜನ್ಯ. "ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲ ಸಿಸ್ಟರ್" ಅಂತೀರಿ. ಕೇಂದ್ರ ಸರ್ಕಾರ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ವರದಿ ಪ್ರಕಟಿಸಿತು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ತಪ್ಪು ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಯದವರು, ನಂಬಿಕೆಯವರು.

ವಿಕಲಚೇತನ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ತಿಳಿಸಿದಂತೆ, ಇಂಥ ಮಕ್ಕಳು ಹಿಂಸೆಗೆ ಒಳಗಾಗುವ ಸಂಭವ ಇತರ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು. ಯಾಕೆ? ಸ್ನಾನಕ್ಕೆ, ಬಟ್ಟೆಗೆ ಬೇರೆಯವರ ಕೈ ಬೇಕು. ಮಾತು ಬಾರದ ಮಗು ಹೇಳಲಾರದು. ಹೇಳಿದರೂ ಯಾರೂ ನಂಬಲ್ಲ ಅಂತ ಕೆಟ್ಟವನಿಗೆ ಗೊತ್ತು. ನಾವು ಅರಿಸಿನ ಕೀಳಲು, ಕಬ್ಬು ಕಡಿಯಲು ಕೂಲಿಗೆ ಹೋದಾಗ ಆ ಮಗು ಮನೆಯಲ್ಲಿ ಒಂಟಿ.

ಗಮನಿಸಬೇಕಾದ ಲಕ್ಷಣಗಳು:
- ಹೇಳುವ ಕಾರಣಕ್ಕೆ ಹೊಂದದ ಗಾಯ, ಬಾಸುಂಡೆ, ಸುಟ್ಟ ಗುರುತು
- ಕೂರಲು, ನಡೆಯಲು ನೋವು, ಮೂತ್ರ ಮಾಡುವಾಗ ಉರಿ, ಒಳಉಡುಪಿನಲ್ಲಿ ಕಲೆ
- ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು
- ಒಬ್ಬರನ್ನು ಕಂಡರೆ ಮಾತ್ರ ಹೆದರಿಕೆ, ಕಿರುಚಾಟ, ಕೈ ಕಚ್ಚಿಕೊಳ್ಳುವುದು

ಒಂದು ಲಕ್ಷಣ ಕಂಡಾಕ್ಷಣ ದೌರ್ಜನ್ಯ ಆಗಿದೆ ಅಂತಲ್ಲ. ಆದರೆ "ಅದಕ್ಕೆ ಬುದ್ಧಿ ಇಲ್ಲ, ಹಂಗೇ ಆಡ್ತದೆ" ಅಂತ ಬಿಡಬೇಡಿ, ವಿಚಾರಿಸಿ.

ಇನ್ನೊಂದು ಮಾತು. ಹೊಡೆತದಿಂದಲೂ ಅಂಗವಿಕಲತೆ ಬರಬಹುದು. ಕೆನ್ನೆಗೆ ಬಿಗಿದರೆ ಕಿವಿಯ ತಮಟೆ ಹರಿಯಬಹುದು. ಅಳುವ ಕೂಸನ್ನು ಸಿಟ್ಟಿನಲ್ಲಿ ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಕಣ್ಣು, ಜೀವ ಎರಡಕ್ಕೂ ಅಪಾಯ.

ಮಗು ಹೇಳಿದರೆ ಅಥವಾ ಸನ್ನೆ ಮಾಡಿದರೆ ಮೊದಲು ನಂಬಿ. ಬೈಯಬೇಡಿ, ಹತ್ತು ಜನರ ಮುಂದೆ ಕೇಳಬೇಡಿ. ವೈದ್ಯರು ನೋಡುವ ಮೊದಲು ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ.

ಊರಿನ ಯಜಮಾನರು "ಮಾನ ಹೋಗ್ತದೆ, ದಂಡ ಹಾಕಿ ಮುಗಿಸೋಣ" ಅನ್ನಬಹುದು. ಒಪ್ಪಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಆರು ತಿಂಗಳವರೆಗೆ ಜೈಲಾಗಬಹುದು. ಮಗುವಿನ ಅಂಗವಿಕಲತೆಯನ್ನು ದುರುಪಯೋಗ ಮಾಡಿಕೊಂಡವನಿಗೆ ಶಿಕ್ಷೆ ಇನ್ನೂ ಕಠಿಣ. "ಬಟ್ಟೆ ಮೇಲೆ ತಾನೇ ಮುಟ್ಟಿದ್ದು" ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ತಳ್ಳಿಹಾಕಿದೆ.

ಠಾಣೆ ಅಂದರೆ ಭಯ ಬೇಡ. ಪೊಲೀಸರು ಸಮವಸ್ತ್ರವಿಲ್ಲದೆ ಬಂದು ಮನೆಯಲ್ಲೇ ಹೇಳಿಕೆ ಪಡೆಯಬಹುದು. ಹೆಣ್ಣುಮಗುವಿನ ಪರೀಕ್ಷೆ ಮಹಿಳಾ ವೈದ್ಯರಿಂದಲೇ ಆಗಬೇಕು. ಮಾತು ಬಾರದ ಮಗುವಿಗೆ ಸನ್ನೆ ಬಲ್ಲವರ ಅಥವಾ ವಿಶೇಷ ಶಿಕ್ಷಕರ ನೆರವು ಕೇಳಬಹುದು. ಮಗುವಿನ ಹೆಸರು, ಫೋಟೋ ಪತ್ರಿಕೆಯಲ್ಲಿ ಬರುವಂತಿಲ್ಲ.

ಈ ದಿನ ಪ್ರತಿ ಸಂಘವೂ ಒಂದು ನಿರ್ಣಯ ಬರೆಯಲಿ. ನಿಮ್ಮ ಬೀದಿಯಲ್ಲಿ ಎಷ್ಟು ವಿಕಲಚೇತನ ಮಕ್ಕಳಿದ್ದಾರೆ, ತಾಯಿ ಕೂಲಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಅಂತ ಪಟ್ಟಿ ಮಾಡಿ. ಇಬ್ಬರು ಸದಸ್ಯರು ಸರದಿಯಂತೆ ಆ ಮನೆಗಳಿಗೆ ಹೋಗಿ ಬನ್ನಿ. ಮುಂದಿನ ಸಭೆಗೆ ಆ ಪಟ್ಟಿ ತನ್ನಿ.