ಮಾತ್ರೆಯೂ ಬೇಕು, ಮಾತೂ ಬೇಕು



ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಿ ಎಂದರು. ನಾನು ವೈದ್ಯೆಯಲ್ಲ. ಕೋಯಂಬೇಡಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಅತ್ತೆಯವರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಮಂಡ್ಯದಿಂದ ಇಲ್ಲಿಗೆ ಕರೆತಂದೆವು. ಅವರಿಗೆ ತಮಿಳು ಬಾರದು, ಅಕ್ಕಪಕ್ಕದವರ ಪರಿಚಯವಿಲ್ಲ. ಊಟ ಕಡಿಮೆಯಾಯಿತು, ನಿದ್ದೆ ಹೋಯಿತು. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಿದ್ದೆವು. ಒಂದು ದಿನ, "ನಾನು ಯಾಕಮ್ಮ ಇನ್ನೂ ಇದ್ದೀನಿ?" ಎಂದರು. ಅಂದೇ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದೆವು.

ಖಿನ್ನತೆ ಎಂದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಮಾತ್ರೆ ಬರೆದುಕೊಟ್ಟರು. "ಬೆಳಿಗ್ಗೆ ನಡೆಸಿ, ಕೈಗೊಂದು ಕೆಲಸ ಕೊಡಿ, ಅವರ ಭಾಷೆಯಲ್ಲಿ ಮಾತಾಡುವವರನ್ನು ಹುಡುಕಿ" ಎಂದೂ ಹೇಳಿದರು.

1996ರಿಂದ ನಡೆಯುತ್ತಿರುವ ನಮ್ಮ ಕೋಯಂಬೇಡು ಮಾರ್ಕೆಟ್ ನಿಮಗೆಲ್ಲ ಗೊತ್ತು. ಅಲ್ಲಿಯ ಹೂವಿನ ಸಾಲಿನಲ್ಲಿ ಹೊಸೂರು ಕಡೆಯವರೊಬ್ಬರು ಅತ್ತೆಯೊಡನೆ ಕನ್ನಡದಲ್ಲಿ ಮಾತಾಡಿದರು. ಅಂದಿನಿಂದ ಅತ್ತೆ ಬಿಡಿ ಮಲ್ಲಿಗೆ ತಂದು ಕಟ್ಟತೊಡಗಿದರು. ಕುರುಂಗಾಲೀಶ್ವರರ್ ದೇವಸ್ಥಾನಕ್ಕೂ ಕೊಟ್ಟು ಬರುತ್ತಿದ್ದರು. ಮೂರು ತಿಂಗಳಲ್ಲಿ ಮುಖದಲ್ಲಿ ನಗು ಮರಳಿತು.

ಆಗ ತಪ್ಪು ಮಾಡಿದವಳು ನಾನು. ನಡಿಗೆ, ಹೂವು, ದೇವರ ದಯೆಯಿಂದಲೇ ಗುಣವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದೆ. ಕೆಲವೇ ವಾರಗಳಲ್ಲಿ ಅತ್ತೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಮಲ್ಲಿಗೆ ಬುಟ್ಟಿಯಲ್ಲೇ ಬಾಡಿತು. ಚೇತರಿಸಿಕೊಂಡ ಮೇಲೂ ಹಲವು ತಿಂಗಳು ಮಾತ್ರೆ ಬೇಕು, ಬಿಡುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ಬಿಡಬೇಕು ಎಂಬುದು ನನಗೆ ಆಗ ತಿಳಿಯಿತು.

ಸಮಗ್ರ ಚಿಕಿತ್ಸೆ ಎಂದರೆ ಔಷಧಿಗೆ ಬದಲಾಗಿ ಇನ್ನೊಂದಲ್ಲ. ಔಷಧಿಯ ಜೊತೆಗೆ ಊಟ, ನಿದ್ದೆ, ನಡಿಗೆ, ಕೆಲಸ, ನಮ್ಮವರ ಮಾತು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ನಮ್ಮ ಚೆನ್ನೈಯಲ್ಲೇ ಇದನ್ನು ಮಾಡಿ ತೋರಿಸಿದರು. ಕೀಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಅವರು 1984ರಲ್ಲಿ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಅಲ್ಲಿ ಚಿಕಿತ್ಸೆಯ ಜೊತೆಗೆ ಕೆಲಸದ ತರಬೇತಿಯೂ ಉಂಟು, ಮನೆಯವರಿಗೆ ತಿಳಿವಳಿಕೆಯೂ ಉಂಟು.

ಯಾರಿಗೆ ಹೇಳಲಿ ಎಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಅತ್ತೆ ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಬಾಗಿಲಲ್ಲಿ ನಿಮಗೆಲ್ಲ ಕೊಟ್ಟ ಮಲ್ಲಿಗೆ ಅವರೇ ಕಟ್ಟಿದ್ದು. ಮಾತ್ರೆ ಇನ್ನೂ ನಡೆಯುತ್ತಿದೆ.